ದಂತದ ಹಿಡಿಯ ಚೂರಿ

ಹೊಳೆಯ ದಂಡೆಯಲ್ಲಿ ಕಲ್ಲಾಚಾರಿ ಎಂಬ ಗುರುಗಳಿದ್ದರು. ಬೇಟೆಗಾರರಿಗೆ ಚೂರಿ ಮಾಡಿಕೊಡುವುದು ಅವರ ಮುಖ್ಯ ಕಸುಬು.

ಅವರ ಕುಲುಮೆಯನ್ನು ಸುತ್ತಲಿನ ಜನ ಮಠ ಎಂದೇ ಕರೆಯುತ್ತಿದ್ದರು. ಅಲ್ಲಿ ದೇವರ ಮೂರ್ತಿ ಇರಲಿಲ್ಲ, ಗಂಟೆಯೂ ಇರಲಿಲ್ಲ. ಆದರೂ ಬಂದವರು ದನಿ ತಗ್ಗಿಸಿ ಮಾತಾಡುತ್ತಿದ್ದರು.

ಚೂರಿ ಬೇಕೆಂದು ಬಂದವನನ್ನು ಗುರುಗಳು ಮೊದಲು ಕೂರಿಸಿ ಕೈ ನೋಡುತ್ತಿದ್ದರು. ಹಸಿ ಮಣ್ಣಿನ ಮುದ್ದೆ ಕೊಟ್ಟು, "ಬಿಗಿಯಾಗಿ ಹಿಡಿ" ಅನ್ನುತ್ತಿದ್ದರು. ಮಣ್ಣಿನಲ್ಲಿ ಮೂಡಿದ ಬೆರಳಿನ ಗುರುತಿಗೆ ತಕ್ಕಂತೆ ಹಿಡಿ ಕೆತ್ತುತ್ತಿದ್ದರು.

ಚೂರಿ ಮುಗಿದ ದಿನ ಅವನ ಅಂಗೈಗೆ ಹರಳೆಣ್ಣೆ ಸವರಿ, ದಪ್ಪನೆಯ ಹಗ್ಗ ಕೊಯ್ಯಲು ಹೇಳುತ್ತಿದ್ದರು. ಹಿಡಿ ಕೈಯಲ್ಲಿ ಜಾರಿತೋ, ಚೂರಿ ಮತ್ತೆ ಕುಲುಮೆಗೆ.

"ಎಣ್ಣೆ ಯಾಕೆ ಆಚಾರ್ರೇ?" ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ.

"ರಕ್ತ ಇದಕ್ಕಿಂತ ಜಾರುತ್ತೆ."

ಅವರ ಬಳಿ ಮಾಳೋಜ ಎಂಬ ಶಿಷ್ಯ ಎಂಟು ವರ್ಷದಿಂದ ಇದ್ದ. ಮೂವತ್ತು ದಾಟಿದವನು. ಕೈಯಲ್ಲಿ ಚಳಕವಿತ್ತು, ಮನಸ್ಸಿನಲ್ಲಿ ಒಂದು ಕೊರಗೂ ಇತ್ತು. ಎಂಟು ವರ್ಷವೂ ಅವನು ಮಾಡಿದ್ದು ಬೋಳು ಚೂರಿಗಳನ್ನು. ಕಪ್ಪು ಅಲಗು, ಒರಟು ಕೊಂಬಿನ ಹಿಡಿ. ಒಂದು ಬಳ್ಳಿ ಕೆತ್ತಲೂ ಗುರುಗಳು ಹೇಳಿರಲಿಲ್ಲ.

ಒಂದು ಬೆಳಗ್ಗೆ ಆ ಸೀಮೆಯ ಪಾಳೇಗಾರನ ತಮ್ಮ ರಾಚನಾಯಕ ಕುದುರೆ ಏರಿ ಬಂದ. ಜೊತೆಗೆ ಆಳುಗಳು. ಒಬ್ಬನ ಕೈಯಲ್ಲಿ ರೇಷ್ಮೆಯಲ್ಲಿ ಸುತ್ತಿದ ಆನೆದಂತದ ತುಂಡು.

"ಇದರದ್ದೇ ಹಿಡಿ ಆಗಬೇಕು," ಅಂದ ನಾಯಕ. "ಅಲಗಿನ ಮೇಲೆ ನನ್ನ ಹೆಸರು ಬರಬೇಕು. ಇಂಥ ಬೇಟೆಚೂರಿ ಈ ಸೀಮೆಯಲ್ಲಿ ಇನ್ನೊಂದು ಇರಬಾರದು."

ಗುರುಗಳು ದಂತವನ್ನು ಮುಟ್ಟಲಿಲ್ಲ.

"ನಾಯಕರೇ, ನೀವು ಕೊನೆಯದಾಗಿ ಹೊಡೆದ ಪ್ರಾಣಿ ಯಾವುದು?"

"ಕಡವೆ. ಇಷ್ಟೆತ್ತರದ್ದು."

"ಸಾಯೋಕೆ ಎಷ್ಟು ಹೊತ್ತು ತಗೊಂಡಿತು?"

ನಾಯಕ ನಕ್ಕ. "ಅದನ್ನು ಯಾರು ನೋಡ್ತಾರೆ ಆಚಾರಿ? ಆ ಕೆಲಸಕ್ಕೆ ಆಳುಗಳಿದ್ದಾರೆ."

"ಹಾಗಾದರೆ ಆಳುಗಳಿಗೆ ಚೂರಿ ಮಾಡಿಕೊಡ್ತೀನಿ. ಅವರನ್ನೇ ಕಳಿಸಿ, ಕೈ ಅಳತೆ ತಗೋತೀನಿ."

ನಾಯಕನ ಮುಖದಿಂದ ನಗು ಹೋಯಿತು. ಆಳುಗಳು ನೆಲ ನೋಡಿದರು.

"ನನಗೆ?"

"ನಿಮಗೆ ಬೇಕಾಗಿಲ್ಲ," ಅಂದರು ಗುರುಗಳು. ಎದ್ದು ಹೋಗಿ ತಿದಿಯ ಹತ್ತಿರ ಕೂತರು.

ನಾಯಕ ಹೊಳೆ ದಾಟುವುದನ್ನೇ ಕಾಯುತ್ತಿದ್ದ ಮಾಳೋಜ ಗುರುಗಳ ಮುಂದೆ ಬಂದು ನಿಂತ.

"ಇದು ನ್ಯಾಯವಾ ಗುರುಗಳೇ? ಮನೆ ಬಾಗಿಲಿಗೆ ಬಂದವರನ್ನು ಹೀಗಾ ಕಳಿಸೋದು? ಕೆಲಸ ಕೇಳಿ ಬಂದರು, ಭಿಕ್ಷೆ ಕೇಳಿ ಬಂದಿರಲಿಲ್ಲ."

"ಹೌದು."

"ಎಂಟು ವರ್ಷ ಆಯ್ತು. ನನ್ನ ಕೈಗೆ ಒಂದು ಒಳ್ಳೆ ಕೆಲಸ ಬರೋ ಹೊತ್ತಿಗೆ ನೀವು ಬಾಗಿಲು ಹಾಕಿದ್ರಿ. ನಾನು ಮಾಡಬಲ್ಲೆ. ನೀವು ಮಾಡದೆ ಇದ್ದರೆ ನಾನು ಮಾಡ್ತೀನಿ."

"ಮಾಡು."

"ಬೇಡ ಅನ್ನೋದಿಲ್ಲವಾ?"

"ಬೇಡ ಅಂದಿದ್ದು ಅವರಿಗೆ. ನಿನಗೆ ಅಂದಿಲ್ಲ."

ಅವತ್ತೇ ಮಾಳೋಜ ಹೊಳೆ ದಾಟಿ ನಾಯಕನ ವಾಡೆಗೆ ಹೋಗಿ, ದಂತ ಇಸಿದುಕೊಂಡು ಬಂದ.

ಎರಡು ತಿಂಗಳು ಅವನು ಆ ಚೂರಿಯ ಮೇಲೆ ಕೂತ. ಅಲಗಿನ ಉದ್ದಕ್ಕೂ ಬಳ್ಳಿ ಓಡಿಸಿದ. ಬಳ್ಳಿಯ ನಡುವೆ ನಾಯಕನ ಹೆಸರನ್ನು ಬೆಳ್ಳಿಯ ಎಳೆಯಲ್ಲಿ ಕೂರಿಸಿದ. ದಂತದ ಹಿಡಿಯನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಮುಖ ನೋಡಿಕೊಳ್ಳಬಹುದಿತ್ತು ಅದರಲ್ಲಿ.

ಗುರುಗಳು ದಿನವೂ ಅವನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಚೂರಿ ಒಪ್ಪಿಸುವ ದಿನ ಮಾಳೋಜ ಹರಳೆಣ್ಣೆಯ ಕುಡಿಕೆ ತೆಗೆದುಕೊಂಡೇ ಹೋಗಿದ್ದ. ವಾಡೆಯ ಪಡಸಾಲೆಯಲ್ಲಿ ಜರಿಯ ಅಂಗಿ ತೊಟ್ಟು ಕೂತಿದ್ದ ನಾಯಕ ಕುಡಿಕೆ ನೋಡಿ ಮುಖ ಸಿಂಡರಿಸಿದ.

"ಕೈಗೆ ಎಣ್ಣೆಯಾ? ಈ ಅಂಗಿಯಲ್ಲಾ? ತೆಗಿ ಅತ್ಲಾಗೆ."

ಮಾಳೋಜ ಕುಡಿಕೆಯನ್ನು ಕಂಬದ ಹಿಂದೆ ಇಟ್ಟ. ನಾಯಕ ಚೂರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಭಲೇ!" ಅಂದ. ಕೂತಿದ್ದವರೆಲ್ಲ "ಭಲೇ!" ಅಂದರು.

ಆ ಮಾತು ಮಾಳೋಜನ ಕಿವಿಯಲ್ಲಿ ಹದಿನೈದು ದಿನ ಇತ್ತು.

ಹದಿನಾರನೆಯ ದಿನ ಬೆಳಗ್ಗೆ ನಾಲ್ಕು ಜನ ಮಂಚವೊಂದನ್ನು ಹೊತ್ತು ಹೊಳೆಯ ನೀರಿನಲ್ಲಿ ಬಿರುಸಾಗಿ ನಡೆದು ಬಂದರು. ಮಂಚದ ಮೇಲೆ ಒಬ್ಬ ಹೆಂಗಸು. ಅವಳ ಸೀರೆ ಸೊಂಟದಿಂದ ಕೆಳಗೆ ರಕ್ತದಲ್ಲಿ ತೊಯ್ದಿತ್ತು.

"ಹೊಂಬವ್ವ," ಅಂದ ಮಂಚ ಹೊತ್ತಿದ್ದ ಕಾಟಯ್ಯ. "ಆಚೆ ಹಟ್ಟಿಯೋಳು. ಸೌದೆಗೆ ಹೋಗಿದ್ದಳು. ಹಂದಿ ಸೀಳಿತು. ಈ ಸುತ್ತಲಲ್ಲಿ ಗಾಯ ಕಟ್ಟೋರು ನೀವೊಬ್ಬರೇ ಆಚಾರ್ರೇ."

ತೊಡೆ ಮಂಡಿಯವರೆಗೆ ಹರಿದಿತ್ತು. ಗುರುಗಳು ನೀರು ಕಾಯಿಸಿದರು, ಗಾಯ ತೊಳೆದರು, ರಕ್ತ ಚಿಮ್ಮುತ್ತಿದ್ದ ಕಡೆ ಕಾದ ಕಬ್ಬಿಣ ಇಟ್ಟು ಸುಟ್ಟರು. ಹೊಂಬವ್ವ ಹಲ್ಲಿನ ನಡುವೆ ಹಗ್ಗದ ತುಂಡು ಕಚ್ಚಿಕೊಂಡಿದ್ದಳು. ಅವಳು ಕಿರುಚಲಿಲ್ಲ. ಅವಳ ಕಾಲು ಹಿಡಿದಿದ್ದ ಮಾಳೋಜ ಕಣ್ಣು ಮುಚ್ಚಿಕೊಂಡ.

"ಹಂದಿ ಸುಮ್ಮನೆ ಬರೋದಿಲ್ಲ," ಅಂದರು ಗುರುಗಳು, ಗಾಯ ಕಟ್ಟಿ ಮುಗಿಸಿ. "ಏನಾಯ್ತು?"

ಕಾಟಯ್ಯ ನಾಯಕನ ಬೇಟೆಯಲ್ಲಿ ಪ್ರಾಣಿಗಳನ್ನು ಪೊದೆಯಿಂದ ಎಬ್ಬಿಸಿ ಸೋವುವವನು. ಅವನು ಹೇಳಲು ಹಿಂದೆಮುಂದೆ ನೋಡಿದ. ಆಮೇಲೆ ಹೇಳಿದ.

"ನಿನ್ನೆ ಮಧ್ಯಾಹ್ನ ನಾಯಕರು ಅದಕ್ಕೆ ಈಟಿ ಹಾಕಿದರು. ಹೊಟ್ಟೆಗೆ ಬಿತ್ತು. ಈಟಿ ಮುರಿದು ಒಳಗೇ ಉಳೀತು. ಅಲ್ಲೇ ಹತ್ತು ಮಾರು ದೂರದಲ್ಲಿ ಕುಸಿದು ಬಿತ್ತು. ಹೋಗಿ ಮುಗಿಸಬೇಕಿತ್ತು. ನಾಯಕರು ಚೂರಿ ಹಿರಿದರು. ಆಮೇಲೆ ಚೂರಿ ನೋಡಿದರು, ಹಂದಿ ನೋಡಿದರು. ಚೂರಿಯನ್ನು ಒರೆಗೆ ಹಾಕಿದರು."

"ಯಾಕೆ?" ಕೇಳಿದ್ದು ಮಾಳೋಜ.

"'ಇದಕ್ಕೆ ಕಲೆ ಆಗುತ್ತೆ' ಅಂದರು. ಅಷ್ಟರಲ್ಲಿ ಹಂದಿ ಎದ್ದು ಪೊದೆ ಸೇರಿತು. ಬೆನ್ನು ಹತ್ತೋಣ ಅಂದ್ವಿ. 'ಎಲ್ಲಾದ್ರೂ ಸಾಯಲಿ ಬಿಡಿ, ಊಟಕ್ಕೆ ಹೊತ್ತಾಯ್ತು' ಅಂದರು."

"ಇವತ್ತು ಇವಳು ಸೌದೆಗೆ ಹೋಗ್ತಾಳೆ ಅಂತ ಗೊತ್ತಿರಲಿಲ್ಲವಾ?"

"ಹಟ್ಟಿಯ ಹೆಂಗಸರು ದಿನಾ ಹೋಗ್ತಾರಪ್ಪ. ಯಾರಿಗೆ ಗೊತ್ತಿಲ್ಲ?"

ಮಾಳೋಜ ಕೈ ತೊಳೆಯಲಿಲ್ಲ. ಹಾಗೇ ಹೊಳೆಗೆ ಇಳಿದ. ವಾಡೆಯವರೆಗೆ ಒಂದೇ ಉಸಿರಿಗೆ ನಡೆದ.

ನಾಯಕನ ಪಡಸಾಲೆಯಲ್ಲಿ ನೆಂಟರು ತುಂಬಿದ್ದರು. ಗೋಡೆಯ ಮೇಲೆ ಕೆಂಪು ರೇಷ್ಮೆ ಹೊದಿಸಿದ ಹಲಗೆ. ಹಲಗೆಯ ಮೇಲೆ ಚೂರಿ. ಒಬ್ಬ ಮುದುಕ ಅದರ ಬಳ್ಳಿಯನ್ನು ಬೆರಳಿನಲ್ಲಿ ಸವರುತ್ತಿದ್ದ.

"ಬಾ ಬಾ," ಅಂದ ನಾಯಕ. "ನೋಡ್ರಪ್ಪಾ, ಇವನದ್ದೇ ಕೈ."

"ನೀವು ಅರೆಜೀವ ಮಾಡಿ ಬಿಟ್ಟ ಹಂದಿ ಒಬ್ಬ ಹೆಂಗಸನ್ನು ಸೀಳಿದೆ," ಅಂದ ಮಾಳೋಜ.

ನಾಯಕ ತಲೆ ಎತ್ತಿದ.

"ಸತ್ತಳಾ?"

"ಇಲ್ಲ."

"ಮತ್ತೇನು? ಕಾಡಿಗೆ ಹೋದ ಮೇಲೆ ಕಾಡುಹಂದಿ ಇರುತ್ತೆ."

"ಚೂರಿ ಸೊಂಟದಲ್ಲಿತ್ತು! ಹತ್ತು ಮಾರು ದೂರ! ಯಾಕೆ ಮುಗಿಸಲಿಲ್ಲ?"

ನಾಯಕ ಗೋಡೆಯ ಕಡೆ ಕೈ ತೋರಿಸಿದ. ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಇದನ್ನಾ? ಇದನ್ನು ತಗೊಂಡು ಹಂದಿ ಹೊಟ್ಟೆಗೆ ಹಾಕು ಅಂತೀಯಾ? ಎರಡು ತಿಂಗಳ ನಿನ್ನ ಕೆಲಸಾನ ಹಾಳು ಮಾಡು ಅಂತ ನೀನೇ ಹೇಳ್ತೀಯಲ್ಲೋ!"

ಮಾಳೋಜನಿಗೆ ಸಿಟ್ಟು ಇನ್ನೂ ಜೋರಾಗಿ ಬಂತು.

"ಆ ಹಂದಿ ಇನ್ನೂ ಬದುಕಿದೆ. ನಾಳೆ ಇನ್ನೊಬ್ಬರನ್ನು ಸೀಳುತ್ತೆ. ಎದ್ದು ಬನ್ನಿ. ನೀವು ಶುರು ಮಾಡಿದ್ದನ್ನು ನೀವೇ ಮುಗಿಸಿ."

"ಎಲಾ ಇವನ! ಅಷ್ಟು ಕರುಣೆ ಇದ್ದರೆ ನೀನೇ ಹೋಗು." ನಾಯಕ ಹಲಗೆಯಿಂದ ಚೂರಿ ಕಿತ್ತು ಅವನ ಮುಂದೆ ಹಿಡಿದ. "ತಗೋ. ಕೆಲಸ ಆದ ಮೇಲೆ ಒರೆಸಿ ತಂದುಕೊಡು."

ನೆಂಟರು ನಕ್ಕರು. ಮಾಳೋಜ ಚೂರಿ ಕಸಿದುಕೊಂಡು ಹೊರಟ.

ಹೊರಗೆ ಬೇಲಿಯ ಹತ್ತಿರ ಗುರುಗಳು ನಿಂತಿದ್ದರು. ಎಪ್ಪತ್ತು ದಾಟಿದ ಮುದುಕ. ಸೊಂಟದಲ್ಲಿ ಅವರ ಹಳೆಯ ಚೂರಿ. ಜೊತೆಗೆ ಕಾಟಯ್ಯ.

"ಹೆಜ್ಜೆ ಒಣಗೋಕೆ ಮುಂಚೆ ಹೋಗೋಣ," ಅಂದರು ಗುರುಗಳು.

ಕಾಟಯ್ಯ ಮುಂದೆ ನಡೆದ. ಹುಲ್ಲಿನ ಮೇಲೆ ರಕ್ತ ಕಪ್ಪಾಗಿತ್ತು. ಒಂದು ಕಡೆ ಹಂದಿ ಕೆಸರಿನಲ್ಲಿ ಹೊರಳಿತ್ತು. ಇನ್ನೊಂದು ಕಡೆ ಮರಕ್ಕೆ ಮೈ ಉಜ್ಜಿತ್ತು. ಒಳಗಿನ ಈಟಿಯನ್ನು ಕಿತ್ತುಕೊಳ್ಳಲು ನೋಡಿತ್ತು. ತೊಗಟೆಯಲ್ಲಿ ಕೂದಲು, ರಕ್ತ.

"ಒಂದು ದಿನ, ಒಂದು ರಾತ್ರಿ ಹೀಗೆ," ಅಂದ ಮಾಳೋಜ. "ಆ ಮನುಷ್ಯನನ್ನು ಇಲ್ಲಿಗೆ ಎಳಕೊಂಡು ಬಂದು ತೋರಿಸಬೇಕು."

ಗುರುಗಳು ಬಗ್ಗಿ ತೊಗಟೆಯ ರಕ್ತ ಮುಟ್ಟಿ ನೋಡಿದರು.

ಒಣಗಿದ ಹಳ್ಳದ ಪೊದೆಯಲ್ಲಿ ಹಂದಿ ಮಲಗಿತ್ತು. ನೊಣ ಮುತ್ತಿತ್ತು. ಉಸಿರು ಗೊರಗೊರ ಅನ್ನುತ್ತಿತ್ತು. ಕಣ್ಣು ತೆರೆದೇ ಇತ್ತು.

"ನಾನು ಮುಗಿಸ್ತೀನಿ," ಅಂದ ಮಾಳೋಜ. ಮುಂದಿನ ಕಾಲಿನ ಹಿಂಬದಿ, ಪಕ್ಕೆಲುಬಿನ ಸಂದು. ಎಲ್ಲಿ ಹಾಕಬೇಕೆಂದು ಅವನಿಗೆ ಗೊತ್ತಿತ್ತು. ಅವನು ಬಗ್ಗಿ, ಚೂರಿ ಹಾಕಿದ.

ಅಲಗು ಅರ್ಧ ಇಳಿಯಿತು. ಬಿಸಿ ರಕ್ತ ಮುಂಗೈವರೆಗೆ ಉಕ್ಕಿತು. ಹಂದಿ ಒಮ್ಮೆಲೇ ಎದ್ದಿತು. ಮಾಳೋಜ ಚೂರಿ ಒತ್ತಿದ. ಹಿಡಿ ಅಲ್ಲೇ ನಿಂತಿತು, ಅವನ ಕೈ ಮುಂದೆ ಹೋಯಿತು. ನುಣುಪಾದ ದಂತದಿಂದ ಜಾರಿ ಅಂಗೈ ನೇರ ಅಲಗಿನ ಮೇಲೆ ಬಂತು.

ಅವನು ಕೂಗಿಕೊಂಡು ಹಿಂದಕ್ಕೆ ಬಿದ್ದ. ಕೋರೆ ಅವನ ಮುಖದ ಹತ್ತಿರ ಬೀಸಿತು.

ಗುರುಗಳು ಹಂದಿಯ ಪಕ್ಕೆಗೆ ಬಿದ್ದು ಮಂಡಿ ಊರಿದರು. ಅವರ ಹಳೆಯ ಚೂರಿ ಒಂದೇ ಸಲ ಹೋಯಿತು, ಒಂದೇ ಸಲ ಬಂತು.

ಹಂದಿ ನಿಧಾನಕ್ಕೆ ಮಲಗಿತು. ಉಸಿರು ನಿಂತಿತು. ಗುರುಗಳು ಅದರ ಹಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು.

ಕಾಟಯ್ಯ ತನ್ನ ರುಮಾಲು ಹರಿದು ಮಾಳೋಜನ ಅಂಗೈ ಕಟ್ಟಿದ. ನಾಲ್ಕು ಬೆರಳಿನ ಬುಡವೂ ಕೊಯ್ದುಹೋಗಿತ್ತು.

ಗುರುಗಳು ಹಂದಿಯ ಮೈಯಿಂದ ದಂತದ ಹಿಡಿಯ ಚೂರಿ ಕಿತ್ತರು. ಕೀಳಲು ಹೋದಾಗ ಅದು ಅವರ ಕೈಯಲ್ಲೂ ಎರಡು ಸಲ ಜಾರಿತು. ಮೂರನೆಯ ಸಲ ಎಲೆ ಸುತ್ತಿ ಹಿಡಿದು ಎಳೆದರು. ಅದನ್ನು ಮಾಳೋಜನ ಎದುರು ನೆಲದ ಮೇಲೆ ಇಟ್ಟರು.

"ಇದರಿಂದ ನಾಯಕರು ನಿನ್ನೆ ಹಂದಿಯನ್ನು ಮುಗಿಸಬೇಕಿತ್ತು ಅಂದೆಯಲ್ಲ," ಅಂದರು. ಎಂಟು ವರ್ಷದಲ್ಲಿ ಮಾಳೋಜ ಆ ದನಿ ಕೇಳಿರಲಿಲ್ಲ. "ಮುಗಿಸೋಕೆ ಆಗ್ತಿತ್ತಾ?"

ಮಾಳೋಜ ಕಟ್ಟಿದ ಅಂಗೈ ನೋಡಿಕೊಂಡ.

"ಹೇಳು! ಆಗ್ತಿತ್ತಾ?"

"ಇಲ್ಲ."

"ಅವನಿಗೆ ಚೂರಿ ಗೋಡೆಗೆ ಬೇಕಿತ್ತು. ನೀನು ಗೋಡೆಯದ್ದನ್ನೇ ಮಾಡಿದೆ, ಬೇಟೆಯದ್ದು ಅಂತ ಕೊಟ್ಟೆ. ಅವನು ಸೋಮಾರಿ. ನೀನು ಸುಳ್ಳುಗಾರ."

ಮಾಳೋಜನ ಕಣ್ಣಿನಲ್ಲಿ ನೀರು ಬಂತು. ಅದರ ಹಿಂದೆಯೇ ಬೆಂಕಿಯೂ ಬಂತು.

"ನಿಮಗೆ ಗೊತ್ತಿತ್ತು!" ಅಂದ. "ಎರಡು ತಿಂಗಳು ನನ್ನ ಪಕ್ಕದಲ್ಲೇ ಓಡಾಡಿದ್ರಿ. ದಂತ ಉಜ್ಜೋದು ನೋಡಿದ್ರಿ. ಜಾರುತ್ತೆ ಅಂತ ಒಂದು ಮಾತು ಹೇಳಲಿಲ್ಲ. ಯಾಕೆ?"

"ನಿನಗೇ ತಿಳೀಲಿ ಅಂತ."

"ತಿಳೀತು! ಅದಕ್ಕೆ ಹೊಂಬವ್ವನ ಕಾಲು ಬೇಕಾಯ್ತಾ?"

ಕಾಟಯ್ಯ ಹೆದರಿ ಗುರುಗಳ ಮುಖ ನೋಡಿದ. ಆ ಸೀಮೆಯಲ್ಲಿ ಯಾರೂ ಅವರೊಂದಿಗೆ ಹೀಗೆ ಮಾತಾಡಿದ್ದಿಲ್ಲ.

ಗುರುಗಳು ಹಂದಿಯ ಪಕ್ಕದಲ್ಲಿ ಕೂತೇ ಇದ್ದರು.

"ನೀನು ಹೇಳಿದ್ದು ಸರಿ. ಸುಮ್ಮನಿದ್ದು ಪಾಠ ಹೇಳ್ತೀನಿ ಅಂದುಕೊಂಡೆ. ಪಾಠ ನಿನಗೆ, ಪೆಟ್ಟು ಅವಳಿಗೆ. ಇದು ನನ್ನ ತಪ್ಪು."

ಮಾಳೋಜ ಇನ್ನೂ ಏನೋ ಹೇಳಬೇಕೆಂದಿದ್ದ. ಗುರುಗಳು ವಾದ ಮಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮೂವರೂ ಹೊಳೆಯ ಕಡೆ ನಡೆದರು.

ಮಾರನೆಯ ದಿನ ರಾಚನಾಯಕ ಚೂರಿಗಾಗಿ ಬಂದ. ಅಲಗಿನ ಬಳ್ಳಿಯ ಸಂದುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೊನೆ ಎಲುಬಿಗೆ ತಾಗಿ ಮುಕ್ಕಾಗಿತ್ತು. ಅವನು ಕೆಂಡವಾದ.

"ಒರೆಸಿ ತಾ ಅಂದಿದ್ದೆ! ಏನು ಮಾಡಿದ್ದೀಯ ಇದನ್ನ?"

"ನಾನು ಮಾಡಿದ್ದೇ ಕೆಟ್ಟದ್ದು ನಾಯಕರೇ," ಅಂದ ಮಾಳೋಜ. ಕಟ್ಟು ಕಟ್ಟಿದ್ದ ಕೈ ತೋರಿಸಿದ. "ಇದು ಬೇಟೆಗೆ ಬರೋದಿಲ್ಲ. ನನ್ನ ತಪ್ಪು. ಬನ್ನಿ, ಇಬ್ಬರೂ ಹೊಂಬವ್ವನ ಮನೆಗೆ ಹೋಗೋಣ. ನನ್ನ ಪಾಲಿನದನ್ನು ನಾನು ಹೇಳ್ತೀನಿ, ನಿಮ್ಮದನ್ನು ನೀವು ಹೇಳಿ."

"ಸೌದೆಯವಳ ಬಾಗಿಲಿಗೆ ನಾನಾ?"

ಒಳಗಿನಿಂದ ಗುರುಗಳು ಬಂದರು. "ನಿಮ್ಮ ಚೂರಿ ತಗೊಂಡು ಹೋಗಿ. ನಿಮ್ಮ ಹೆಸರಿದೆ ಅದರ ಮೇಲೆ. ಆದರೆ ಒಂದು ಮಾತು. ನೀವು ಅವಳ ಬಾಗಿಲಿಗೆ ಹೋಗಿ ನಿಲ್ಲುವವರೆಗೆ ಈ ಕುಲುಮೆಯಿಂದ ನಿಮ್ಮ ವಾಡೆಗೆ ಒಂದು ಮೊಳೆಯೂ ಬರೋದಿಲ್ಲ. ಕುದುರೆಯ ಲಾಳ ಇಲ್ಲ. ಈಟಿಯ ಮೊನೆ ಇಲ್ಲ."

"ಆಚಾರಿ, ನನ್ನಣ್ಣನ ನೆಲದ ಮೇಲೆ ಕೂತು ನನಗೇ ಹೇಳ್ತೀಯಾ?"

"ಹೌದು."

ನಾಯಕ ಸೊಂಟದ ಕಡೆ ಕೈ ಒಯ್ದ; ಅಲ್ಲಿ ಏನೂ ಇರಲಿಲ್ಲ. ಮುಕ್ಕಾದ ಚೂರಿ ಇನ್ನೂ ಮಾಳೋಜನ ಎಡಗೈಯಲ್ಲಿತ್ತು. ಅದನ್ನು ಕಿತ್ತುಕೊಂಡು ಕುದುರೆ ಏರಿದ.

ಅವನು ಹೊಂಬವ್ವನ ಬಾಗಿಲಿಗೆ ಹೋಗಲಿಲ್ಲ. ಆ ತಿಂಗಳಲ್ಲಿ ಅಲ್ಲ, ಆಮೇಲೂ ಅಲ್ಲ. ದೂರದ ಊರಿನಿಂದ ಕಮ್ಮಾರನನ್ನು ಕರೆಸಿಕೊಂಡ. ಚೂರಿಯ ಮೊನೆ ತಿದ್ದಿಸಿದ. ಅದನ್ನು ಮತ್ತೆ ಹಲಗೆಯ ಮೇಲೆ ಹಾಕಿಸಿದ. ಹಂದಿಯನ್ನು ತಾನೇ ಮುಗಿಸಿದೆ ಎಂದು ಬಂದವರಿಗೆ ಹೇಳುತ್ತಿದ್ದನಂತೆ.

ಒಮ್ಮೆ ಮಾತ್ರ ಆಳಿನ ಕೈಯಲ್ಲಿ ಹೊಂಬವ್ವನಿಗೆ ಒಂದು ಚೀಲ ಜೋಳ ಕಳಿಸಿದ. ಅವಳು ಚೀಲ ಇಳಿಸಲು ಬಿಡಲಿಲ್ಲ.

"ಹೊತ್ತು ತಂದ ನೀನು ಹಂದಿಗೆ ಈಟಿ ಹಾಕಿದವನಲ್ಲ," ಅಂದಳಂತೆ. "ಹಾಕಿದವನಿಗೆ ಹೊರೋಕೆ ಆಗದಿದ್ದರೆ ಅಲ್ಲೇ ಇರಲಿ."

ಇದನ್ನು ಕೇಳಿ ಮಾಳೋಜನಿಗೆ ಊಟ ಸೇರಲಿಲ್ಲ. ಅವನು ನಾಯಕನನ್ನು ಬೈದ, ಪಾಳೇಗಾರನನ್ನು ಬೈದ, ವಾಡೆಯಲ್ಲಿ ನಕ್ಕ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಬೈದ. ಬೈಯುತ್ತಲೇ ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದನ್ನು ಕಲಿತ. ಬಲಗೈ ಮಾಯಲು ಒಂದೂವರೆ ತಿಂಗಳು ಬೇಕಾಯಿತು.

ಮಾಯಿದ ಮೇಲೆ ಮೊದಲು ಮಾಡಿದ್ದು ಕಾಟಯ್ಯನಿಗೊಂದು ಚೂರಿ.

ಕಾಟಯ್ಯನ ಬೆರಳುಗಳು ಮೋಟು, ಹೆಬ್ಬೆರಳು ಒಂದು ಕಡೆಗೆ ಸೊಟ್ಟ. ಮಾಳೋಜ ಮಣ್ಣಿನ ಅಚ್ಚನ್ನು ಮೂರು ಸಲ ತೆಗೆದ. ಕಡವೆಯ ಕೊಂಬನ್ನು ಒರಟಾಗಿಯೇ ಬಿಟ್ಟ. ಕೈ ಮುಂದೆ ಜಾರದಂತೆ ಅಲಗಿನ ಬುಡದಲ್ಲಿ ಒಂದು ತಡೆ ಕೂರಿಸಿದ. ಅಂಗೈಗೆ ಎಣ್ಣೆ ಹಚ್ಚಿ ಹಗ್ಗ ಕೊಯ್ಯಿಸಿದ. ಸಾಲದೆಂದು ಎಣ್ಣೆಗೆ ಲೋಳೆಸರ ಕಲಸಿ ಹಚ್ಚಿ ಮತ್ತೆ ಕೊಯ್ಯಿಸಿದ.

ಕಾಟಯ್ಯ ಚೂರಿಯನ್ನು ಆ ಕಡೆ ಈ ಕಡೆ ತಿರುಗಿಸಿದ.

"ಚೆಂದ ಅಂತೂ ಇಲ್ಲ," ಅಂದ. "ಆದರೆ ಕೈಯಲ್ಲಿದೆ ಅನ್ನೋದೇ ಮರೆತುಹೋಗುತ್ತೆ."

ವಾಡೆಯ "ಭಲೇ"ಗಿಂತ ಈ ಮಾತು ಮಾಳೋಜನಿಗೆ ರುಚಿಸಿತು. ಅವತ್ತು ಅವನಿಗೆ ಧೈರ್ಯ ಬಂತು. ಅಷ್ಟು ದಿನ ಮುಂದೂಡಿದ್ದನ್ನು ಇವತ್ತು ಮಾಡಬೇಕು ಅನ್ನಿಸಿತು. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹೊಂಬವ್ವನ ಹಟ್ಟಿಗೆ ಹೋದ.

ಅವಳು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಕಾಲು ಮುಂದಕ್ಕೆ ಚಾಚಿತ್ತು. ಒಳಗೆ ಅವಳ ಮುದಿ ಅತ್ತೆ ಕೆಮ್ಮುತ್ತಿದ್ದಳು.

ಮಾಳೋಜ ಅಂಗಳದಲ್ಲಿ ಮಂಡಿಯೂರಿ ತಲೆ ಬಾಗಿಸಿದ. ಎಲ್ಲವನ್ನೂ ಹೇಳಿದ. ದಂತ, ಬಳ್ಳಿ, ಹಚ್ಚದೇ ಬಿಟ್ಟ ಎಣ್ಣೆ. ಒಂದನ್ನೂ ಮುಚ್ಚಿಡಲಿಲ್ಲ.

"ಈಗ ಬುದ್ಧಿ ಬಂದಿದೆ ಅವ್ವಾ," ಅಂದ. "ಒಂದು ಒಳ್ಳೆ ಚೂರಿ ಮಾಡಿದ್ದೀನಿ. ಇನ್ನು ಮುಂದೆ ನನ್ನ ಕೈಯಿಂದ ಅಂಥದ್ದು ಹೊರಡೋದಿಲ್ಲ. ನನ್ನನ್ನು ಕ್ಷಮಿಸು."

ಹೊಂಬವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ತೊಡೆ ಹರಿದಿದ್ದಕ್ಕೆ ನೀನು ಒಳ್ಳೆ ಚೂರಿ ಮಾಡೋದು ಕಲಿತೆಯಾ? ಸಂತೋಷ."

"ಅವ್ವಾ..."

"ಬಾಯಿ ಮುಚ್ಚು. ಇಷ್ಟು ಹೊತ್ತು ನೀನು ಹೇಳಿದ್ದೆಲ್ಲ ಚೂರಿ. ಚೂರಿ ಹಿಂಗಿತ್ತು, ಚೂರಿ ಹಂಗಿತ್ತು. ನಿನ್ನ ಕೈ, ನಿನ್ನ ಬುದ್ಧಿ, ನಿನ್ನ ಗುರು. ಆ ನಾಯಕನಿಗೂ ಚೂರಿ ಚಿಂತೆ, ನಿನಗೂ ಚೂರಿ ಚಿಂತೆ. ಇಲ್ಲಿ ಒಬ್ಬಳು ಕೂತಿದ್ದಾಳೆ, ಕಾಣ್ತೀನಾ?"

ಮಾಳೋಜ ತಲೆ ಎತ್ತಿದ.

"ಕ್ಷಮಿಸು ಅಂತೀಯ. ಕ್ಷಮಿಸಿದ್ದೀನಿ ಅಂದ್ರೆ ನೀನು ಎದ್ದು ಹಗುರಾಗಿ ಹೋಗ್ತೀಯ. ನಾನು? ನಾನು ಇಲ್ಲೇ ಕೂತಿರ್ತೀನಿ. ಹೋಗು. ಕ್ಷಮಿಸೋದಿಲ್ಲ."

ಅವಳು ಮುಖ ತಿರುಗಿಸಿದಳು. ಅವನು ಎದ್ದು ಬಂದ. ದಾರಿಯುದ್ದಕ್ಕೂ ನಾಚಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ನೋವಿನ ಸಿಟ್ಟು ಇತ್ತು. ತಪ್ಪು ಒಪ್ಪಿಕೊಂಡವನು ತಾನೊಬ್ಬನೇ. ವಾಡೆಯಲ್ಲಿ ಕೂತವನು ನೆಮ್ಮದಿಯಾಗಿ ಊಟ ಮಾಡುತ್ತಿದ್ದಾನೆ. ಬೈಸಿಕೊಂಡವನು ತಾನು.

ಗುರುಗಳು ಹೊಳೆಯ ದಂಡೆಯಲ್ಲಿ ಕೂತು ಕೊಡಲಿಯೊಂದಕ್ಕೆ ಹೊಸ ಮರದ ಕಾವು ಕೂರಿಸುತ್ತಿದ್ದರು.

"ಹೋಗಿದ್ದೆ," ಅಂದ ಮಾಳೋಜ.

"ಹೂಂ."

"ಎಲ್ಲ ಹೇಳಿದೆ. ಮಂಡಿಯೂರಿ ಕೇಳಿಕೊಂಡೆ. ಅವಳು ಕ್ಷಮಿಸಲಿಲ್ಲ. ಚೂರಿಯದ್ದೇ ಮಾತಾಡ್ತೀಯ ಅಂದಳು. ಎದ್ದು ಹೋಗು ಅಂದಳು."

ಗುರುಗಳು ಕಾವನ್ನು ಕಲ್ಲಿಗೆ ಕುಟ್ಟಿದರು.

"ಇನ್ನೇನು ಮಾಡಬೇಕಿತ್ತು ಗುರುಗಳೇ? ನಾಯಕ ಬರಲೇ ಇಲ್ಲ. ನಾನು ಹೋದೆ. ಅವಳು ಹೇಳಿದ ಒಂದೊಂದು ಮಾತೂ ನನಗೆ ನೆನಪಿದೆ. ಅವಳು ಹೇಗೆ ನೋಡಿದಳು, ಹೇಗೆ ಮುಖ ತಿರುಗಿಸಿದಳು, ಎಲ್ಲ ನೆನಪಿದೆ. ಇನ್ನೇನು ನೋಡಬೇಕಿತ್ತು ನಾನು?"

ಗುರುಗಳು ಕೊಡಲಿಯನ್ನು ಅವನ ಕೈಗೆ ಕೊಟ್ಟರು.

"ಅವಳ ಒಲೆ ಹೊತ್ತಿತ್ತಾ?"